ಇಂದೂಬಾಯಿಯ ಬ್ರೇಕು

ಖಿದಿರ್‌ಪುರದ ಇಂದೂಬಾಯಿಗೆ ಕಾರೆಂದರೆ ಬ್ರೇಕು. ಮಿಕ್ಕದ್ದೆಲ್ಲ ಅದರ ಪರಿವಾರ. ವರ್ಷಕ್ಕೊಮ್ಮೆ ತನ್ನ ಹಳೆಯ ಕಾರನ್ನು ಕಾಳಿಘಾಟಿಗೆ ಒಯ್ದಾಗ, ಎಲ್ಲರೂ ದಾಸವಾಳದ ಮಾಲೆಯನ್ನು ಬಾನೆಟ್ಟಿಗೆ ಹಾಕಿದರೆ ಈಕೆ ಬಗ್ಗಿ ಬ್ರೇಕ್ ಪೆಡಲಿಗೆ ಕುಂಕುಮ ಹಚ್ಚುತ್ತಾಳೆ. ತುಳಿಯುವ ವಸ್ತುವಿಗೆ ಪೂಜೆಯೇ ಎಂದು ಪೂಜಾರಿ ಹಿಂದಿಯಲ್ಲಿ ರೇಗಿದರೆ, "ಜೀವಾ ಉಳಸೂದು ಅದ ಅಲ್ಲೇನ್ರಿ?" ಎಂದು ಧಾರವಾಡದ ಕನ್ನಡದಲ್ಲೇ ತಿರುಗಿಬೀಳುತ್ತಾಳೆ. ಮೆಕ್ಯಾನಿಕ್ಕಿಗೂ ಬಿಡುವಿಲ್ಲ: ಒತ್ತಿದರೆ ಪೆಡಲು ಸ್ಪಂಜಿನಂತೆ ಕುಸಿಯಬಾರದು, ಗಾಡಿ ಒಂದು ಮಗ್ಗುಲಿಗೆ ಎಳೆಯಬಾರದು, ಮಳೆನೀರಲ್ಲಿ ತೊಯ್ದರೂ ಹೇಳಿದ ಮಾತು ಕೇಳಬೇಕು. ರಸ್ತೆ ದಾಟುವ ಆಡು ಕಂಡರೂ ಸರಿಯೇ, ನಿಲ್ಲಿಸಿಬಿಡುತ್ತಾಳೆ. ಬಂದರಿನ ಲಾರಿಗಳು ಹಿಂದೆ ನಿಂತು ಹಾರ್ನ್ ಬಾರಿಸಿ ಬಾಯಿ ಬಡಿದುಕೊಂಡರೂ ಜಗ್ಗುವುದಿಲ್ಲ. "ಓಡೂದು ಎಲ್ಲಾ ಗಾಡಿಗೂ ಬರ್ತದ, ನಿಂದ್ರೂದು ಬರಬೇಕು!" ಎಡಗಡೆ ಸೀಟಿನ ಮುಂದಿನ ಮ್ಯಾಟಿನಲ್ಲಿ ಒಂದು ತೂತಿದೆ, ಆ ಮ್ಯಾಟನ್ನು ಬದಲಿಸಲು ಯಾರನ್ನೂ ಬಿಡಳು. ಗಂಡ ಶ್ಯಾಮರಾಯರು ಈ ಕಾರನ್ನು ಗಾಳಿಯಂತೆ ಓಡಿಸುತ್ತಿದ್ದ ಕಾಲದಲ್ಲಿ, ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಆಕೆಯೇ ಮಾಡಿದ ತೂತು ಅದು. ಅವರು ನಗುತ್ತಿದ್ದರು. ಒಂದು ದಿನ ಇದ್ದ ಬ್ರೇಕೂ ಹಿಡಿಯಲಿಲ್ಲ. ಈಗ ಸ್ಟಿಯರಿಂಗು ಇಂದೂಬಾಯಿಯದು. ಎಡಗಡೆ ಸೀಟು ರಾಯರದು. ಕೆಂಪು ದೀಪ ಕಂಡೊಡನೆ ಅವರ ಉಳಿದ ಒಂದೇ ಕಾಲು ಆ ತೂತಿನ ಮೇಲೆ ಬಲವಾಗಿ ಒತ್ತುತ್ತದೆ.