ಭಾವ ಆರಿಸಿ ಕೊಟ್ಟ ಕೋಳಿ

ನಮ್ಮಕ್ಕನಿಗೆ ಬೀದಿಯವರು ಇಟ್ಟ ಹೆಸರು ಸೋಪಮ್ಮ. ಬಾಗಿಲ ಚಿಲಕ ಮುಟ್ಟಿದರೂ ಕೈ ತೊಳೆಯುವವಳು. ಯಾರ ಮನೆಗೆ ಹೋದರೂ ಅವಳ ಕಣ್ಣು ಮೊದಲು ಅಡುಗೆಮನೆಯ ನಲ್ಲಿಯ ಕಡೆಗೆ. "ಹಸಿ ಕೋಳೀನ ನಲ್ಲಿ ಕೆಳಗೆ ಹಿಡಿದು ತೊಳೀಬೇಡ್ರಮ್ಮ. ನೀರು ಸಿಡಿದು ತಟ್ಟೆ ಲೋಟಕ್ಕೆಲ್ಲ ಮೆತ್ಕೊಳ್ಳುತ್ತೆ. ಚೆನ್ನಾಗಿ ಬೇಯಿಸಿ, ಅಷ್ಟೇ ಸಾಕು" ಎಂದು ಉಪದೇಶ ಶುರು. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಆದರೆ ಅಕ್ಕ ಯಾವತ್ತೂ ಸುಳ್ಳು ಹೇಳಿದವಳಲ್ಲ. ಸುಳ್ಳು ಹೇಳಿದವರು ಬೇರೆ.

ಅಕ್ಕನಿಗೆ ಕೋಳಿ ಕೊಯ್ದು, ಶುಚಿಮಾಡಿ, ಪೊಟ್ಟಣ ಕಟ್ಟಿ ಕಳಿಸುವ ಕಾರ್ಖಾನೆಯ ಸಣ್ಣ ಲ್ಯಾಬಿನಲ್ಲಿ ಕೆಲಸ. ಭಾವ ಅಲ್ಲೇ ತಣ್ಣೀರು ತೊಟ್ಟಿಯ ಮೇಸ್ತ್ರಿ. ಭಾವನನ್ನು ಇಲ್ಲಿ 'ಅವರು' ಎಂದೇ ಬರೆಯುತ್ತೇನೆ. ಅದು ಅಭ್ಯಾಸ, ಗೌರವವಲ್ಲ.

ಬಿಸಿನೀರಲ್ಲಿ ಅದ್ದಿ ಪುಕ್ಕ ಕಿತ್ತ ಕೋಳಿ, ಕರುಳು ತೆಗೆಯುವ ಮೇಜು ದಾಟಿ, ಕೊನೆಗೆ ತಣ್ಣಗಾಗಲು ಈ ತೊಟ್ಟಿಗೆ ಬೀಳುತ್ತದೆ. ಮೇಜಿನಲ್ಲಿ ಯಾರದೋ ಚಾಕು ಜಾರಿ ಒಂದು ಕರುಳು ಒಡೆದರೆ ಸಾಕು, ಆ ಹೊಲಸು ತೊಟ್ಟಿಗಿಳಿದು ಹಿಂದೆ ಬರುವ ಕೋಳಿಗಳಿಗೆಲ್ಲ ಅಂಟುತ್ತದೆ. ಒಡೆದದ್ದನ್ನು ಬೇರೆ ಇಡಬೇಕು, ತೊಟ್ಟಿಯಿಂದ ಹೊರಬೀಳುವ ಕೋಳಿಗೆ ಕೊನೆಗೆ ಹೊಸ ನೀರೇ ತಾಗಬೇಕು, ನೀರಿಗೆ ಕ್ಲೋರಿನ್ ಸರಿಯಾದ ಅಳತೆಯಲ್ಲಿ ಬೀಳಬೇಕು ಎಂದು ಅಕ್ಕ ಮ್ಯಾನೇಜರನ ಬೆನ್ನು ಬಿದ್ದಳು. ಸಾಕಪ್ಪಾ ಸಾಕು ಎಂದು ಅವನು ಒಪ್ಪಿದ. ಪರೀಕ್ಷೆಯಲ್ಲಿ ರೋಗಾಣು ಕಡಿಮೆಯಾಗುತ್ತ ಬಂದು, ಆಮೇಲೆ ಕಾಣುವುದೇ ನಿಂತಿತು. ಅಕ್ಕನ ಕಾಲು ನೆಲದ ಮೇಲಿರಲಿಲ್ಲ. ಅಮ್ಮನದಂತೂ ಕೇಳಲೇಬೇಡಿ. "ನನ್ನ ಮಗಳು ಪಾಸು ಮಾಡಿದ ಕೋಳಿ" ಎಂದು ಬೀದಿಗೆಲ್ಲ ಸಾರಿ, ಆ ಕಾರ್ಖಾನೆಯ ಪೊಟ್ಟಣವನ್ನೇ ತರಿಸತೊಡಗಿ, ಬೇರೆ ಅಂಗಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟಳು.

ಪರೀಕ್ಷೆಯ ಕೋಳಿಯನ್ನು ಅಕ್ಕನೇ ತೊಟ್ಟಿ ದಾಟಿ ಬರುವ ಸಾಲಿನಿಂದ ಎತ್ತಿಕೊಳ್ಳಬೇಕು, ಅದು ನಿಯಮ. ಆದರೆ ತೊಟ್ಟಿಯ ಬಳಿ ನೆಲ ಜಾರುತ್ತದೆ. ಅವಳು ಒಮ್ಮೆ ಬಿದ್ದು ಸೊಂಟ ಉಳುಕಿಸಿಕೊಂಡ ಮೇಲೆ ಭಾವನೇ ಒಂದನ್ನು ಚೀಲಕ್ಕೆ ಹಾಕಿ ಕೊಡತೊಡಗಿದರು. ಅಕ್ಕ ಅದಕ್ಕೆ ದ್ರಾವಣ ಸುರಿದು, ಮಗುವನ್ನು ತೂಗಿದ ಹಾಗೆ ಚೀಲ ಅಲುಗಾಡಿಸಿ, ಆ ನೀರನ್ನು ಪರೀಕ್ಷೆಗೆ ಇಡುವಳು. ಕರುಳು ಮೇಜಿನ ಹೆಂಗಸರು ರೇಗಿಸುತ್ತಿದ್ದರು: "ನಮ್ ಗಂಡಂದಿರು ಒಂದು ಹೂವೂ ತಂದುಕೊಡಲ್ಲ. ನಿನ್ ಗಂಡ ನೋಡು, ದಿನಾ ಕೋಳೀನೇ ಆರಿಸಿ ಕೊಡ್ತಾರೆ!" ಅಕ್ಕ ನಾಚುತ್ತಿದ್ದಳು. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ರಜೆಯ ದಿನ ಎಲ್ಲರ ಊಟ ಅಮ್ಮನ ಮನೆಯಲ್ಲಿ. ಕೋಳಿಯ ಕಾಲಿನ ತುಂಡಿಗೆ ನನ್ನೊಡನೆ ಜಗಳಕ್ಕೆ ನಿಲ್ಲುತ್ತಿದ್ದ ಭಾವ, ಹೋದ ವರ್ಷ ಇದ್ದಕ್ಕಿದ್ದಂತೆ ಕೋಳಿ ಬಿಟ್ಟರು. "ದಿನವಿಡೀ ಅದರ ಮುಖ ನೋಡಿ ನೋಡಿ ಸಾಕಾಗಿದೆ ಅತ್ತೆ. ನನಗೆ ತರಕಾರಿ ಇದ್ರೆ ಸಾಕು" ಎಂದರು. ತಲೆಯೇ ಇಲ್ಲದ ಕೋಳಿಗೆ ಮುಖ ಎಲ್ಲಿಂದ ಬಂತು ಎಂದು ನಾನು ನಕ್ಕೆ. ಅಂದಿನಿಂದ ಅಮ್ಮ ಅಳಿಯನಿಗೆಂದೇ ಒಂದು ಪಾತ್ರೆ ತರಕಾರಿ ಬೇರೆ ಮಾಡುತ್ತಿದ್ದಳು. ನಾವು ಮೂವರು ಕೋಳಿ ತಿನ್ನುತ್ತಿದ್ದೆವು.

ಮಳೆಗಾಲಕ್ಕೆ ಮುಂಚೆ ಅಮ್ಮ ಹಾಸಿಗೆ ಹಿಡಿದಳು. ವಾಂತಿ, ಭೇದಿ, ಮೈ ಸುಡುವ ಜ್ವರ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರು, ಇದು ಕೋಳಿಮಾಂಸದಿಂದ ಬರುವ ರೋಗಾಣು ಎಂದರು. ಅಕ್ಕ ಅದನ್ನು ನಂಬಲಿಲ್ಲ. ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಅಮ್ಮನ ಮೇಲೇ ಹರಿಹಾಯ್ದಳು. "ನಲ್ಲಿ ಕೆಳಗೆ ತೊಳೆದಿರ್ತೀಯ! ಇಲ್ಲಾ ಅರ್ಧಂಬರ್ಧ ಬೇಯಿಸಿರ್ತೀಯ! ನಮ್ಮ ಕೋಳೀಲಿ ಏನೂ ಇಲ್ಲ, ನನಗೆ ಗೊತ್ತಿಲ್ವಾ?"

"ಇಲ್ಲ ಕಣೇ, ನೀನು ಹೇಳಿದ ಹಾಗೇ ಮಾಡಿದೀನಿ" ಎಂದು ಅಮ್ಮ ಮಗುವಿನಂತೆ ಅತ್ತಳು.

ಮಾಂಸ ತೀರಾ ಕೆಟ್ಟಿದ್ದರೆ ಪೊಟ್ಟಣ ಬಿಚ್ಚಿದ ಕೈ, ಕತ್ತರಿಸಿದ ಹಲಗೆ ಇಷ್ಟೇ ಸಾಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಅಕ್ಕ ಆ ದಿನ ಊಟ ಮಾಡಲಿಲ್ಲ.

ಮರುದಿನ ಕಾರ್ಖಾನೆಯಲ್ಲಿ ಭಾವ ಎಂದಿನಂತೆ ಅಕ್ಕನಿಗೆ ಚೀಲ ಕೊಟ್ಟರು. ಬಿಚ್ಚಿದರೆ ಕ್ಲೋರಿನ್ನಿನ ಘಾಟು. ಎಲ್ಲ ಕೋಳಿಯೂ ಹೀಗೇ ಇರುತ್ತದೆ ಎಂದುಕೊಂಡಿದ್ದವಳು, ಅಂದು ಮೊದಲ ಸಲ ಸಾಲಿನಲ್ಲಿ ಹೋಗುತ್ತಿದ್ದ ಕೋಳಿಯೊಂದನ್ನು ಮೂಗಿನ ಹತ್ತಿರ ಹಿಡಿದಳು. ಅದರಲ್ಲಿ ಆ ಘಾಟಿನ ಸುಳಿವೇ ಇರಲಿಲ್ಲ. ಭಾವನ ಸ್ಟೂಲಿನ ಹಿಂದೆ ಮುಚ್ಚಳದ ಬಕೆಟ್ಟಿತ್ತು. ತೆರೆದಳು. ಮಧ್ಯಾಹ್ನದ ಪರೀಕ್ಷೆಗೆಂದು ಒಂದೇ ಒಂದು ಕೋಳಿ ಗಾಢ ಕ್ಲೋರಿನ್ ನೀರಲ್ಲಿ ನೆನೆಯುತ್ತಿತ್ತು.

"ಸಾಲಿನ ವೇಗ ಜಾಸ್ತಿ ಮಾಡಿದ್ರು. ಕರುಳು ಒಡೆಯೋದೂ ಜಾಸ್ತಿ ಆಯ್ತು. ಎಲ್ಲ ಬೇರೆ ಇಡ್ತಾ ಕೂತ್ರೆ ಲಾರಿ ಹೊರಡಲ್ಲ" ಎಂದರು ಭಾವ, ದನಿ ತಗ್ಗಿಸಿ. "ತೊಟ್ಟಿಗೆ ಕ್ಲೋರಿನ್ನೂ ಕಮ್ಮಿ ಹಾಕು ಅಂದ್ರು ಮ್ಯಾನೇಜರು. ಪರೀಕ್ಷೆ ಕೆಟ್ರೆ ಹಾಳಾಗೋದು ನಿನ್ನ ಹೆಸರು ತಾನೇ? ನಿನಗೋಸ್ಕರನೇ ಮಾಡಿದ್ದು ಕಣೇ."

 ಅಕ್ಕ ಜಾರುವ ನೆಲದ ಮೇಲೆ ತಾನೇ ಹೋಗಿ ಸಾಲಿನಿಂದ ಒಂದು ಕೋಳಿ ಎಳೆದುಕೊಂಡಳು. ಅದರ ಫಲಿತಾಂಶ ನೋಡಬಾರದ ಹಾಗಿತ್ತು. ಇನ್ನೊಂದು ಸಲ ನೋಡೋಣ ಎಂದ ಮ್ಯಾನೇಜರನ ಮಾತು ಕೇಳದೆ ಅದನ್ನು ನೇರ ಮೇಲಿನ ಕಚೇರಿಗೆ ಕಳಿಸಿದಳು. ತೊಟ್ಟಿ ನಿಂತಿತು. ಮನೆಯಲ್ಲಿ ಮಾತೂ ನಿಂತಿತು. ಆದರೂ ಕೆಲಸ ಹೋದೀತೆಂದು ಹೆದರಿ ಹೀಗೆ ಮಾಡಿದರೇನೋ ಎಂದು ನನ್ನ ಹತ್ತಿರ ಒಂದೆರಡು ಸಲ ಅಂದಳು. ಕ್ಷಮಿಸಲು ದಾರಿ ಹುಡುಕುತ್ತಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು.

ಅಮ್ಮ ಮನೆಗೆ ಬಂದ ಮೇಲಿನ ರಜೆಯ ದಿನ ಭಾವ ಹಣ್ಣು ಹಿಡಿದುಕೊಂಡು ಬಂದರು. ಅಮ್ಮನಿಗೆ ನಾವಿನ್ನೂ ಏನೂ ಹೇಳಿರಲಿಲ್ಲ. ಬೇಡವೆಂದರೂ ಕೇಳದೆ ಎದ್ದು ಅಡುಗೆ ಮಾಡಿದ್ದಳು. ತರಕಾರಿ ತುಂಬಿದ ಸೌಟು ಹಿಡಿದು ಮೊದಲು ಭಾವನ ತಟ್ಟೆಯ ಹತ್ತಿರ ಬಂದಳು.

"ನಿಮ್ಮ ಅದೃಷ್ಟ ದೊಡ್ಡದು ನೋಡಿ ಅಳಿಯಂದಿರೇ" ಎಂದಳು. "ಯಾವ ದೇವರು ಬುದ್ಧಿ ಕೊಟ್ಟನೋ, ಸರಿಯಾದ ಹೊತ್ತಿಗೆ ಕೋಳಿ ಬಿಟ್ರಿ."

ಅಕ್ಕ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಬಕೆಟ್ ಕಂಡ ದಿನವೂ ಹೊಳೆಯದಿದ್ದದ್ದು ಅವಳಿಗೆ ಆಗ ಹೊಳೆದಿತ್ತು.

"ಅದೃಷ್ಟ ಅಲ್ಲಮ್ಮ. ಕೋಳಿ ಕೆಟ್ಟಿರೋದು ಇವರಿಗೆ ಗೊತ್ತಿತ್ತು. ಗೊತ್ತಿದ್ದೇ ತರಕಾರಿ ಕೇಳಿದ್ದು. ನಾವು ಮೂರೂ ಜನ ತಿನ್ನೋದನ್ನ ನೋಡ್ಕೊಂಡು ಎದುರಿಗೇ ಕೂತಿರ್ತಿದ್ರು."

ಅಮ್ಮ ಭಾವನ ಮುಖ ನೋಡಿದಳು. ಅದು ಸುಳ್ಳು ಎಂದು ಅವರೊಂದು ಮಾತು ಹೇಳಲಿ ಎಂದು ಕಾದಳು. ನಾನೂ ಕಾದೆ. ಭಾವ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತ ಕೂತರು.

ಅಮ್ಮ ಸೌಟನ್ನು ಮತ್ತೆ ತರಕಾರಿಯ ಪಾತ್ರೆಗೇ ಹಾಕಿ ಮುಚ್ಚಳ ಮುಚ್ಚಿದಳು.