ಅಪ್ಪನ ಪಾರಿವಾಳಗಳು

ನಾನು ಹೇಳುವ ಕಾಲದಲ್ಲಿ ಇಟ್ಟಿಗೆಗೂಡಿನ ನಮ್ಮ ಬೀದಿಯಲ್ಲಿ ಗಡಿಯಾರ ಇದ್ದ ಮನೆಗಳು ಕಡಿಮೆ. ಮೃಗಾಲಯದ ಕಡೆಯಿಂದ ಸಿಂಹ ಗರ್ಜಿಸಿದರೆ ಬೆಳಗಾಯಿತು, ಅಷ್ಟೆ. ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತವೆ. ಸಿಂಹದ ಕೂಗಿಗೆ ನಾವು ಹೆದರುತ್ತಿರಲಿಲ್ಲ, ಅವ್ವನ ಕೂಗಿಗೆ ಹೆದರುತ್ತಿದ್ದೆವು. ಮನೆಯ ಪಕ್ಕದಲ್ಲೇ ಅಪ್ಪನ ಸೌದೆ ಡಿಪೋ. ನಮ್ಮ ಬಟ್ಟೆಬರೆಗೆಲ್ಲ ಹಸಿ ಸೌದೆಯ ವಾಸನೆ. ಸ್ಕೂಲಿನಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡರೆ ನಾನು ಬೇಕೆಂದೇ ಇನ್ನೂ ಹತ್ತಿರ ಸರಿದು ಕೂರುತ್ತಿದ್ದೆ.

ಹಿತ್ತಲ ಗೋಡೆಗೆ ಅಪ್ಪ ಸೀಮೆಎಣ್ಣೆ ಡಬ್ಬಗಳನ್ನು ಅಡ್ಡಡ್ಡ ಕಟ್ಟಿ ಪಾರಿವಾಳ ಸಾಕಿದ್ದ. ಸಂಜೆ ಡಿಪೋ ಬಾಗಿಲು ಹಾಕಿ ಬಂದವನು ಕೈಕಾಲು ತೊಳೆಯುವುದಕ್ಕೂ ಮೊದಲು ಅವುಗಳನ್ನು ಮಾತಾಡಿಸಬೇಕು. ಬಾಯಿಗೆ ಬೆರಳಿಟ್ಟು ಶಿಳ್ಳೆ ಹೊಡೆದನೆಂದರೆ ಎಲ್ಲೆಲ್ಲಿದ್ದವೋ ಬಂದು ಅವನ ಹೆಗಲ ಮೇಲೆ, ತಲೆಯ ಮೇಲೆ ಇಳಿಯುತ್ತಿದ್ದವು.

"ಹೆಂಡ್ತಿ ಕೂಗಿದ್ರೆ ಕೇಳಕ್ಕಿಲ್ಲ, ಪಾರಿವಾಳ ಗುಟುರ್ ಅಂದ್ರೆ ಮಾತ್ರ ಕೇಳ್ತದೆ ಈ ಕಿವೀಗೆ" ಎಂದು ಅವ್ವ ರೇಗುತ್ತಿದ್ದಳು.

ನಮ್ಮದು ಮಾಂಸ ತಿನ್ನುವ ಮನೆಯೇ. ಆದರೂ ಆ ಪಾರಿವಾಳಗಳ ಮೇಲೆ ಯಾರೂ ಕಣ್ಣು ಹಾಕುವಂತಿರಲಿಲ್ಲ. ಅಪ್ಪನ ತಮ್ಮ ನಂಜುಂಡ ಚಿಕ್ಕಪ್ಪ ನಮ್ಮ ಜೊತೆಯಲ್ಲೇ ಇದ್ದ, ಡಿಪೋದಲ್ಲಿ ಸೌದೆ ಸೀಳುತ್ತಿದ್ದ. ಎಂಥ ಗಂಟು ಬೊಡ್ಡೆಯಾದರೂ ಅವನ ಕೊಡಲಿಗೆ ಲೆಕ್ಕವಿಲ್ಲ. ಅಷ್ಟು ದೊಡ್ಡ ಆಳು, ಹಬ್ಬದ ಕೋಳಿ ಕೊಯ್ಯುವ ಹೊತ್ತಿಗೆ ಮಾತ್ರ ಬೀದಿಯ ಕೊನೆಗೆ ಹೋಗಿ ನಿಂತುಬಿಡುತ್ತಿದ್ದ. ಮನೆಯವರೆಲ್ಲ ಆಡಿಕೊಂಡು ನಗುತ್ತಿದ್ದೆವು.

ಅದು ಅವರೆಕಾಯಿ ಕಾಲ. ಹಿಂದಿನ ದಿನ ಎಲ್ಲರೂ ಸುತ್ತ ಕೂತು ಬೇಳೆ ಹಿತಕಿದ್ದೆವು, ಬೆರಳಿನ ಸೊಗಡು ಇನ್ನೂ ಹೋಗಿರಲಿಲ್ಲ. ಬೆಳಿಗ್ಗೆ ಅಪ್ಪ ಮೊರದಲ್ಲಿ ರಾಗಿ ಹಿಡಿದು ಹಿತ್ತಲಿಗೆ ಹೋದ. ಮೊರ ಬಿದ್ದ ಸದ್ದು ಕೇಳಿ ಓಡಿದೆ. ಅಪ್ಪ ಚೆಲ್ಲಿದ ರಾಗಿಯ ಮೇಲೆ ಕೂತಿದ್ದ, ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಪಾರಿವಾಳಗಳು ಅವನ ತೊಡೆ ಹತ್ತಿ ಆರಾಮಾಗಿ ಕಾಳು ಹೆಕ್ಕುತ್ತಿದ್ದವು. ನನ್ನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡು ನಾನು ನಕ್ಕೆ. ಅವನು ನಗಲಿಲ್ಲ. ಆಗ ಅವ್ವನನ್ನು ಕೂಗಿಕೊಂಡು ಒಳಗೆ ಓಡಿದೆ.

ಜಟಕಾ ಮಾಡಿ ಆಸ್ಪತ್ರೆಗೆ ಕರೆದೊಯ್ದರು. ಲಕ್ವ ಹೊಡೆದಿತ್ತು. ಮನೆಗೆ ಕಳಿಸುವ ದಿನ ಡಾಕ್ಟರು ಅವ್ವನಿಗೆ ಹೇಳಿದ್ದು ನನಗೆ ನೆನಪಿದೆ. "ಬಲಗಡೆ ಸ್ವಾಧೀನ ತಪ್ಪಿದೆ, ಮಾತು ನಿಂತಿದೆ. ದಿನಾ ಕೈಕಾಲು ಆಡಿಸ್ತಾ ಇರಿ. ನೀವು ಹೇಳೋದೆಲ್ಲ ಅವರಿಗೆ ಗೊತ್ತಾಗುತ್ತೆ ಕಣಮ್ಮ, ಮಾತಾಡಿಸ್ತಾ ಇರಿ." ಅವ್ವ ತಲೆಯಾಡಿಸಿದಳು.

ಮನೆಗೆ ಬಂದ ಮೇಲೆ ಆ ಕೊನೆಯ ಮಾತು ಯಾರ ತಲೆಯಲ್ಲೂ ಉಳಿಯಲಿಲ್ಲ. ನಡುಮನೆಯಲ್ಲಿ ಅಪ್ಪನ ಮಂಚ. ನೋಡಲು ಬಂದವರು ಅವನ ಕಾಲದೆಸೆಯಲ್ಲೇ ಕೂತು, "ಎಂಗಿದ್ದ ಆಳು! ಇನ್ನೆಲ್ಲಿ ಏಳ್ತಾನೆ ಬುಡಿ" ಎಂದು ಕಾಫಿ ಕುಡಿದು ಹೋಗುತ್ತಿದ್ದರು. ಮಾತು ಹೋದವನಿಗೆ ಕಿವಿಯೂ ಹೋಗಿದೆ ಎಂದು ಎಲ್ಲರೂ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಅವ್ವ ಎಣ್ಣೆ ಬಿಸಿ ಮಾಡಿ ಅವನ ಬಲಗೈ ನೀವುತ್ತಿದ್ದಳು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತಿದ್ದಳು. ಅವಳು ತಲೆ ಬಾಚಿದ್ದನ್ನು ನೋಡಿಯೇ ಎಷ್ಟೋ ದಿನವಾಗಿತ್ತು. ಚಿಕ್ಕಪ್ಪ ಡಿಪೋದಲ್ಲಿ ಒಬ್ಬನೇ ಒದ್ದಾಡಿ ಬಂದು, ಎದುರಿಗಿಟ್ಟ ಮುದ್ದೆಯನ್ನು ಮುಟ್ಟದೆ ಅಣ್ಣನ ಮುಖವನ್ನೇ ನೋಡುತ್ತ ಕೂರುತ್ತಿದ್ದ. ಅಪ್ಪ ಎದ್ದು ನಿಲ್ಲಬೇಕು, ಆ ಮನೆಗೆ ಬೇರೆ ಆಸೆಯೇ ಇರಲಿಲ್ಲ.

ಆಗ ಹಿನಕಲ್ಲಿನಿಂದ ದೊಡ್ಡತ್ತೆ ಬಂದಳು. ಅಪ್ಪನ ಅಕ್ಕ, ತಾಯಿ ಸತ್ತ ಮೇಲೆ ತಮ್ಮಂದಿರಿಬ್ಬರನ್ನೂ ಸೊಂಟದ ಮೇಲೆ ಹೊತ್ತು ಸಾಕಿದವಳು. ಅವಳ ಮಾತಿಗೆ ಎದುರಾಡುವ ಪದ್ಧತಿ ನಮ್ಮಲ್ಲಿರಲಿಲ್ಲ.

"ಲಕ್ವಕ್ಕೆ ಎಣ್ಣೆ ಎಲ್ಲಿ ಸಾಕಾಯ್ತದವ್ವ? ಪಾರಿವಾಳದ ಬಿಸಿರಕ್ತ ಉಜ್ಜಬೇಕು. ಮಂಚದ ತಾವೇ ಕೊಯ್ಯಬೇಕು, ಬಿಸಿ ಆರಬಾರ್ದು. ನಮ್ಮೂರಲ್ಲಿ ಅಂಗೇ ಎದ್ದು ಓಡಾಡ್ತಿರೋರು ಅವ್ರೆ" ಎಂದಳು.

ಹಿತ್ತಲಿನಿಂದ ಗುಟುರು ಕೇಳಿಸುತ್ತಿತ್ತು.

"ಅವು ಅವರ ಪ್ರಾಣ ಅತ್ತಿಗೆ" ಎಂದಳು ಅವ್ವ.

"ಗಂಡ ಬೇಕೋ, ಪಾರಿವಾಳ ಬೇಕೋ? ನೀನೇ ಯೋಳವ್ವ."

ಚಿಕ್ಕಪ್ಪ ಎದ್ದು ಹಿತ್ತಲಿಗೆ ಹೋದ. ಬೀದಿಯ ಕೊನೆಗೆ ಹೋಗಿ ನಿಲ್ಲುತ್ತಿದ್ದ ಆ ಚಿಕ್ಕಪ್ಪ ಎರಡು ಕೈಯಲ್ಲೂ ಒಂದು ಬೂದು ಪಾರಿವಾಳವನ್ನು ಅವುಚಿಕೊಂಡು ಒಳಗೆ ಬಂದ. ಸಾಕಿದ್ದಲ್ಲವೆ, ಅದು ಕೊಸರಾಡಲೂ ಇಲ್ಲ. ಮನುಷ್ಯರ ಕೈ ಎಂದರೆ ಕಾಳು ಹಾಕುವ ಕೈ ಎಂದು ತಿಳಿದಿತ್ತು.

ನನ್ನನ್ನು ಹೊರಗೆ ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಾನು ಕಂಬ ಹಿಡಿದು ನಿಂತೇ ಇದ್ದೆ. ಅಪ್ಪನ ಎಡಗೈ ಚಿಕ್ಕಪ್ಪನ ಮಣಿಕಟ್ಟನ್ನು ಗಬಕ್ಕನೆ ಹಿಡಿಯಿತು. "ಆ ಕೈ ಹಿಡ್ಕೊಳವ್ವ, ಔಷಧಿ ಚೆಲ್ಲಿಬುಟ್ಟಾನು" ಎಂದಳು ಅತ್ತೆ. ಅವ್ವ ಎರಡೂ ಕೈಯಿಂದ ಅಪ್ಪನ ಎಡಗೈಯನ್ನು ಬಿಡಿಸಿ ಹಾಸಿಗೆಗೆ ಒತ್ತಿ ಹಿಡಿದಳು. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡೇ ಅತ್ತೆ ಕೊಟ್ಟ ಕತ್ತಿ ಆಡಿಸಿದ. ಅತ್ತೆ ಭುಜದಿಂದ ಬೆರಳಿನ ತನಕ ಉಜ್ಜಿದಳು. ಹರಳೆಣ್ಣೆ, ಅವರೆ ಸೊಗಡು, ರಕ್ತ ಎಲ್ಲ ಸೇರಿದ ಆ ವಾಸನೆ ಈಗಲೂ ಬರೆಯುತ್ತಿರುವಾಗ ಮೂಗಿಗೆ ಬರುತ್ತಿದೆ.

ಅಪ್ಪನ ಎರಡೂ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಆಸ್ಪತ್ರೆಯಲ್ಲೂ ಅವನು ಅತ್ತಿರಲಿಲ್ಲ.

"ನೋಡ್ರವ್ವ, ಕಣ್ಣಲ್ಲಿ ನೀರು ಬಂತು! ಸತ್ತ ನರ ಎದ್ದವೆ! ನಿಲ್ಲಿಸ್ಬ್ಯಾಡಿ" ಎಂದು ಅತ್ತೆ ಕೂಗಿದಳು. ಅವ್ವ ಅತ್ತಳು, ಸಂತೋಷಕ್ಕೆ. ಚಿಕ್ಕಪ್ಪ ಗೋಡೆಗೊರಗಿ ಕೂತು ಮೊದಲ ಸಲ ನಗುವ ಹಾಗೆ ಮಾಡಿದ.

ನಿಲ್ಲಿಸಲಿಲ್ಲ. ಪ್ರತಿ ಸಲವೂ ಅಪ್ಪನ ಕಣ್ಣಲ್ಲಿ ನೀರು ಬರುತ್ತಿತ್ತು, ಪ್ರತಿ ಸಲವೂ ಮನೆಯವರಿಗೆ ಧೈರ್ಯ ಬರುತ್ತಿತ್ತು. ಡಬ್ಬಗಳು ಒಂದೊಂದಾಗಿ ಖಾಲಿಯಾದವು. ನಮ್ಮವು ಮುಗಿದ ಮೇಲೆ ಚಿಕ್ಕಪ್ಪ ಮಂಡಿ ಮೊಹಲ್ಲಾದವರೆಗೆ ನಡೆದುಹೋಗಿ ಬೇರೆಯವನ್ನು ತಂದ. ಅವುಗಳಿಗೆ ಅಪ್ಪ ಅಷ್ಟು ಅಳಲಿಲ್ಲ. "ಸಾಕಿದ್ದ ಹಕ್ಕಿ ರಕ್ತಕ್ಕಿರೋ ಶಕ್ತಿ ಇವಕ್ಕಿಲ್ಲ" ಎಂದು ಅತ್ತೆ ಅದಕ್ಕೂ ಕಾರಣ ಹೇಳಿ ಊರಿಗೆ ಹೊರಟಳು.

ಇಷ್ಟರಲ್ಲಿ ಅವ್ವ ದಿನವೂ ಮಡಿಸಿ ಬಿಡಿಸುತ್ತಿದ್ದ ಬೆರಳುಗಳು ತಾವಾಗಿಯೇ ಅಲ್ಲಾಡತೊಡಗಿದವು. ಮಾವಿನ ಚಿಗುರು ಬರುವ ಹೊತ್ತಿಗೆ ಅಪ್ಪ ಕೋಲೂರಿ ಜಗಲಿಗೆ ಬಂದು ಕೂತ. ನಾಲಿಗೆಯೂ ತಡವರಿಸಿ ತಿರುಗುತ್ತಿತ್ತು: ನೀರು, ಅವ್ವಾ, ಬಾ, ಇಂಥ ತುಂಡು ಮಾತು. ಯುಗಾದಿಗೆ ಅವ್ವ ಹೋಳಿಗೆ ಮಾಡಿದಳು, ಬೀದಿಗೆಲ್ಲ ಹಂಚಿದಳು. ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿದ್ದೆವು. ಚಿಕ್ಕಪ್ಪ ಅಣ್ಣನ ಕಾಲ ಬಳಿ ಕೂತು ಎಲೆ ಅಡಿಕೆ ಮಡಿಸುತ್ತಿದ್ದ. ಅಪ್ಪ ಅವನ ಕಡೆ ತಿರುಗಿದ. ಲಕ್ವ ಹೊಡೆದ ಮೇಲೆ ಅವನ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು.

"ನಂಜುಂಡ... ನಾನು ಅಳ್ತಿದ್ದುದ್ದು... ನಿಂಗೆ ಕಾಣ್ಲಿಲ್ವೇನ್ಲಾ?"

ಚಿಕ್ಕಪ್ಪ ಮಡಿಸುತ್ತಿದ್ದ ಎಲೆಯನ್ನು ಕೆಳಗಿಟ್ಟ.

"ಕಾಣ್ತು ಅಣ್ಣಯ್ಯ" ಎಂದ. "ಅದ್ಕೇ ಇನ್ನೊಂದು ಹಕ್ಕಿ ತಂದೆ."

ಬಾಗಿಲಲ್ಲಿದ್ದ ಅವ್ವ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಅಷ್ಟು ದಿನ ಅವನಿಗೆ ಎಲ್ಲ ಗೊತ್ತಾಗುತ್ತಿತ್ತು! ತನ್ನ ಹಕ್ಕಿಗಳನ್ನು ಗುರುತು ಹಿಡಿದು, ತಡೆಯಲು ಕೈ ಚಾಚಿ, ಆ ಕೈಯನ್ನೂ ಹೆಂಡತಿ ಒತ್ತಿ ಹಿಡಿದಾಗ, ಉಳಿದಿದ್ದ ಕಣ್ಣೀರಿನಲ್ಲೇ ಬೇಡಿಕೊಂಡಿದ್ದ. ನಾವು ಅದನ್ನು ನೋಡಿ ಸಂತೋಷಪಟ್ಟಿದ್ದೆವು.

ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಅಪ್ಪ ಮತ್ತೆ ಡಿಪೋದಲ್ಲಿ ಕೂತ, ಅಣ್ಣ ತಮ್ಮ ಒಂದೇ ತಟ್ಟೆಯಲ್ಲಿ ಕಡ್ಲೆಪುರಿ ತಿಂದರು. ಪಕ್ಕದ ಮನೆಯವರು ಒಂದು ಜೊತೆ ಪಾರಿವಾಳ ತಂದುಕೊಡುತ್ತೇವೆ ಎಂದಾಗ ಮಾತ್ರ ಅಪ್ಪ, "ಈ ಮನೇಗಾ? ಬ್ಯಾಡಿ" ಎಂದ.

ಈಗ ಕುವೆಂಪುನಗರದಲ್ಲಿ ನನ್ನ ವಯಸ್ಸಿನವರು ಸಿಕ್ಕಾಗಲೆಲ್ಲ ಇದೇ ಮಾತು: ಆಗಿನ ತುಂಬಿದ ಮನೆ ಎಲ್ಲಿ, ಒಬ್ಬರಿಗೆ ಕಾಯಿಲೆ ಎಂದರೆ ಹತ್ತು ಜನ ಓಡಿ ಬರುತ್ತಿದ್ದ ಕಾಲ ಎಲ್ಲಿ. ಎಲ್ಲ ಹೋಯಿತು ನಿಜ, ನನಗೂ ಅದರ ಸಂಕಟವಿದೆ. ಈಗ ಬಾಡಿಗೆಯ ನರ್ಸು ಬಂದು ಹೋಗುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ತುಂಬಿದ ಮನೆ ಇರುವಾಗಲೇ ಏನೋ ಒಂದು ಹೋಗಿಬಿಟ್ಟಿತ್ತು. ಆ ಚಳಿಗಾಲದ ನಂತರ ಅಪ್ಪ ಜ್ವರ ಬಂದರೂ ನಮ್ಮ ಮುಂದೆ ಮಲಗಲಿಲ್ಲ. ಗೋಡೆಗೆ ಒರಗಿ, ಕಣ್ಣು ಬಿಟ್ಟುಕೊಂಡೇ ಕೂರುತ್ತಿದ್ದ. ಅವ್ವ ಹತ್ತಿರ ಹೋಗಿ, "ಒಸಿ ಮಲೀಕಳಿ" ಎಂದರೆ, ಬೇಡವೆಂದು ತಲೆಯಾಡಿಸಿ ಎಡಗೈಯನ್ನು ಕಂಬಳಿಯೊಳಕ್ಕೆ ಎಳೆದುಕೊಳ್ಳುತ್ತಿದ್ದ.