ಎರಡು ರಿಂಗಿನ ಅಹವಾಲು

ಕಲ್ಯಾಣದುರ್ಗದಲ್ಲಿ ಟೀಚರಾಗಿದ್ದ ನನ್ನ ತಂಗಿ ರಜೆಗೆ ಮನೆಗೆ ಬಂದು, ಭಾನುವಾರ ಸಂಜೆ ಆಂಧ್ರದ ಗಡಿಯ ನಮ್ಮೂರು ಹಿಂದೂಪುರದಲ್ಲಿ ಬಸ್ಸು ಹತ್ತುತ್ತಿದ್ದಳು. ರೂಮು ಮುಟ್ಟಿದ ಮೇಲೆ ಮನೆಯ ಫೋನಿಗೆ ಎರಡು ರಿಂಗು ಕೊಟ್ಟು ಕಟ್ ಮಾಡುವುದು ನಮ್ಮ ಪದ್ಧತಿ. ಯಾರೂ ಎತ್ತಬಾರದು, ಎತ್ತಿದರೆ ದುಡ್ಡು ದಂಡ. ಆ ರಿಂಗು ಕೇಳುವವರೆಗೆ ಅಮ್ಮ ತಟ್ಟೆ ಮುಟ್ಟುತ್ತಿರಲಿಲ್ಲ.

ಆಗ ಖಾಸಗಿ ಕಂಪನಿಗಳ ಮೊಬೈಲು ಬಂದ ಹೊಸತು. ತಂಗಿಯೂ ಒಂದು ಕೊಂಡಳು. ನಮ್ಮ ಮನೆಯದು ಸರ್ಕಾರಿ ಫೋನು. ಸಂಜೆಯ ಹೊತ್ತು ಆ ಮೊಬೈಲಿನಿಂದ ಈ ಫೋನಿಗೆ ಕಾಲ್ ಸೇರುತ್ತಲೇ ಇರಲಿಲ್ಲ. ಎರಡನ್ನೂ ಜೋಡಿಸುವ ಲೈನನ್ನು ಸರ್ಕಾರದವರು ಸಾಕಷ್ಟು ಕೊಡುತ್ತಿಲ್ಲ ಎಂದು ಕಂಪನಿಯವರು, ಕಂಪನಿಯವರು ಕೇಳಿಯೇ ಇಲ್ಲ ಎಂದು ಸರ್ಕಾರದವರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಒಂದು ಭಾನುವಾರ ಅಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಊಟ ಮಾಡದೆ ರಿಂಗಿಗೆ ಕಾದು ಕೂತವಳು ತಲೆಸುತ್ತಿ ಬಿದ್ದಳು. ಸಕ್ಕರೆ ನೀರು ಕುಡಿಸಿದ ಮೇಲೆ ಕಣ್ಣು ಬಿಟ್ಟಳು. ನನಗೆ ಪಿತ್ತ ನೆತ್ತಿಗೇರಿತು.

ಸರ್ಕಾರಿ, ಖಾಸಗಿ ಎರಡೂ ಫೋನಿನವರ ಮೇಲೆ ಕಣ್ಣಿಡಲೆಂದು ಇದ್ದ ಕಚೇರಿಯ ಅಧಿಕಾರಿಯೊಬ್ಬರು ಆ ತಿಂಗಳು ಜನರ ದೂರು ಕೇಳಲು ನಮ್ಮೂರಿಗೆ ಬಂದರು. ನಾನು ಮೊದಲ ಸಾಲಿನಲ್ಲೇ ಕೂತೆ.

"ಯಾವ ಕಾಲ್ ಸೇರಿಲ್ಲ? ಹಳೇ ಬಿಲ್ಲು ತೋರಿಸಿ," ಎಂದರು ತೆಲುಗಿನಲ್ಲಿ.

"ಬಿಲ್ಲೇ ಬರಾಕಿಲ್ಲ ಸಾರ್, ನಾವು ಎತ್ತೋದೇ ಇಲ್ವಲ್ಲ!" ಅವಸರದಲ್ಲಿ ನನ್ನ ಬಾಯಿಗೆ ಬಂದದ್ದು ಕನ್ನಡ.

ಸಭೆಯೆಲ್ಲ ಗೊಳ್ಳೆಂದಿತು. ಬಿಟ್ಟಿ ರಿಂಗು ಬರಲಿಲ್ಲವೆಂದು ದೂರು ತಂದ ಮೊದಲ ಗಿರಾಕಿ ನಾನೇ ಇರಬೇಕು. ನಾನೂ ಬಿಡಲಿಲ್ಲ, ಅಮ್ಮ ಬಿದ್ದದ್ದನ್ನು ಜೋರುದನಿಯಲ್ಲೇ ಹೇಳಿದೆ. ಅಧಿಕಾರಿ ನಗಲಿಲ್ಲ. ನಮ್ಮ ನಂಬರು ಬರೆದುಕೊಂಡು, ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ, ಹದಿನೈದು ದಿನದಲ್ಲಿ ಲೈನು ಹೆಚ್ಚಿಸುತ್ತೇವೆಂದು ಬರೆಸಿಕೊಂಡರು.

ಗಡುವು ಮುಗಿದ ಭಾನುವಾರ ಸಂಜೆ ಫೋನು ಹೊಡೆದುಕೊಂಡಿತು. ಎರಡಾಯಿತು, ಮೂರಾಯಿತು, ನಾಲ್ಕಾಯಿತು, ನಿಲ್ಲಲಿಲ್ಲ. "ಏನಾಗ್ಬುಡ್ತೋ ಕಣ್ಲಾ!" ಎನ್ನುತ್ತ ಅಮ್ಮನೇ ಎತ್ತಿದಳು. ಆ ಅಧಿಕಾರಿ! ತಂಗಿಯ ಕಂಪನಿಯದೇ ಮೊಬೈಲಿನಿಂದ, ಕಾಲ್ ಸೇರುತ್ತದೆಯೇ ಎಂದು ತಾವೇ ನೋಡುತ್ತಿದ್ದರು. "ಅನ್ನಂ ತಿನ್ನಾರಾ ಅಮ್ಮಾ?" ಎಂದು ಊಟದ ವಿಷಯವನ್ನೂ ಕೇಳಿದರಂತೆ. ಅಮ್ಮ ಸಂಕೋಚಕ್ಕೆ ಸಿಕ್ಕಿ, ತಿಂದೆ ಎಂದುಬಿಟ್ಟಳು.

ಕಚೇರಿಗಳ ಮೆಟ್ಟಿಲು ತುಳಿದು ಬೈಸಿಕೊಂಡೇ ಬಂದವನು ನಾನು. ಆ ಮನುಷ್ಯನನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ.

ಅಮ್ಮ ಫೋನಿಟ್ಟವಳೇ, "ಲೇ, ತಟ್ಟೆ ಹಾಕು," ಎಂದಳು. "ಅಷ್ಟು ದೊಡ್ಡೋರ್ತಾವ ಉಂಡೀನಿ ಅಂದ್ಬುಟ್ಟೆ. ಸುಳ್ಳಾಗ್ಬಾರ್ದು ಕಣ್ಲಾ."

ತಂಗಿಯ ಬಸ್ಸು ಇನ್ನೂ ದಾರಿಯಲ್ಲೇ ಇತ್ತು. ಅಮ್ಮ ಮುದ್ದೆ ಮುರಿದಳು.